ಏರ್ ಫ್ರೈಯರ್‌ಗೆ ಬೆಂಡೆಕಾಯಿ ಹಾಕಿ, ಬೋಂಡ ಹಾಕಬೇಡಿ

ಹೆಸರಿನಲ್ಲೇ ಮೋಸವಿದೆ. ಏರ್ ಫ್ರೈಯರ್ ಏನನ್ನೂ ಕರಿಯುವುದಿಲ್ಲ. ಮೇಲ್ಗಡೆ ಒಂದು ಕಾಯಿಲ್, ಅದಕ್ಕೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ: ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುವ ಪುಟ್ಟ ಓವನ್ ಅದು. 2010ರಲ್ಲಿ ಫಿಲಿಪ್ಸ್ ಈ ಹೆಸರಿನಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಎಣ್ಣೆ ಬೇಡದ ಬಾಣಲೆ ಎಂದುಕೊಂಡು ಕೊಳ್ಳುವವರೇ ಹೆಚ್ಚು. ತಂದ ದಿನವೇ ಈರುಳ್ಳಿ ಬಜ್ಜಿ ಹಾಕುತ್ತಾರೆ, ಹಿಟ್ಟೆಲ್ಲ ತೂತಿನಿಂದಿಳಿದು ತಳದ ಡಬ್ಬಿಗೆ ಮೆತ್ತಿಕೊಂಡಿರುತ್ತದೆ, ತಿಂಗಳೊಳಗೆ ಯಂತ್ರ ಅಟ್ಟ ಸೇರುತ್ತದೆ.

ಕಾರಣ ಸರಳ. 180 ಡಿಗ್ರಿ ಕಾದ ಎಣ್ಣೆಗೆ ಬೆರಳು ಸೋಕಿದರೆ ಬೊಬ್ಬೆ ಏಳುತ್ತದೆ. ಅಷ್ಟೇ ಬಿಸಿಯ ಓವನ್ನಿನೊಳಗೆ ಕೈ ಹಾಕಿ ತೆಗೆದರೆ ಝಳ ಬಡಿಯುತ್ತದೆ, ಅಷ್ಟೆ. ಎಣ್ಣೆ ಶಾಖವನ್ನು ದಾಟಿಸುವ ವೇಗ ಗಾಳಿಗಿಲ್ಲ. ಎಣ್ಣೆಗೆ ಬಿದ್ದ ಬೋಂಡದ ಹಿಟ್ಟು ಕ್ಷಣದಲ್ಲಿ ಸುತ್ತಲೂ ಸಿಪ್ಪೆ ಕಟ್ಟಿ ಉಬ್ಬುತ್ತದೆ, ಗಾಳಿಯಲ್ಲಿ ಸಿಪ್ಪೆ ಕಟ್ಟುವ ಮೊದಲೇ ಹರಿದುಹೋಗುತ್ತದೆ. ಉದ್ದಿನ ವಡೆಯನ್ನು ಬಟರ್ ಪೇಪರ್ ಮೇಲಿಟ್ಟು ಮಾಡಿದರೆ ಆಕಾರವೇನೋ ಉಳಿಯುತ್ತದೆ; ಬರುವುದು ಮಾತ್ರ ಒಣ ಬನ್ನು.

ಸಂಡಿಗೆಯ ಕಥೆಯೂ ಇದೇ. ಒಣಗಿದ ಸಂಡಿಗೆಯೊಳಗೆ ಉಳಿದ ಚೂರು ನೀರು ಒಮ್ಮೆಲೇ ಹಬೆಯಾದರೆ ಮಾತ್ರ ಅದು ಅರಳುವುದು. ಬಿಸಿಗಾಳಿಯಲ್ಲಿ ಆ ನೀರು ನಿಧಾನಕ್ಕೆ ಆರಿಹೋಗುತ್ತದೆ, ಸಂಡಿಗೆ ಕೆಂಪಾಗಿ ಕಲ್ಲಿನಂತೆ ಉಳಿಯುತ್ತದೆ. ಅರಳು ಸಂಡಿಗೆ, ಅಕ್ಕಿ ಹಪ್ಪಳ, ಬಾಳಕದ ಮೆಣಸಿನಕಾಯಿ ಮೂರನ್ನೂ ಬಾಣಲೆಗೇ ಬಿಡಿ. ಬಾಳಕ ಇದರಲ್ಲಿ ಸೀದರೆ ಆ ಘಾಟನ್ನು ಫ್ಯಾನು ಮನೆಯಿಡೀ ಹಂಚುತ್ತದೆ. ಉದ್ದಿನ ಹಪ್ಪಳ ಮಾತ್ರ ಆಗುತ್ತದೆ: ಎರಡೂ ಕಡೆ ಎಣ್ಣೆ ಸವರಿ, 200 ಡಿಗ್ರಿಗೆ ಒಂದರಿಂದ ಒಂದೂವರೆ ನಿಮಿಷ. ಮೇಲೊಂದು ಸ್ಟೀಲ್ ಜಾಲರಿ ಸ್ಟ್ಯಾಂಡು ಮುಚ್ಚದಿದ್ದರೆ ಹಪ್ಪಳ ಹಾರಿ ಕಾಯಿಲ್‌ಗೆ ತಗುಲಿ ಸೀಯುತ್ತದೆ. ಕರಿಬೇವನ್ನೂ ಬಿಡಿಬಿಡಿಯಾಗಿ ಹಾಕಬೇಡಿ, ಅದೂ ಹಾರುತ್ತದೆ.

ಇಷ್ಟೆಲ್ಲ ದೂರಿದ ಮೇಲೂ ನಮ್ಮ ಅಡುಗೆಮನೆಯಲ್ಲಿ ಇದು ದಿನಕ್ಕೊಮ್ಮೆ ಓಡುತ್ತದೆ. ಮುಖ್ಯವಾಗಿ ಬೆಂಡೆಕಾಯಿಗಾಗಿ.

ಕಾಲು ಕೆಜಿ ಬೆಂಡೆಕಾಯಿ ತೊಳೆದು, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಬೆರಳಿನ ಅಗಲಕ್ಕಿಂತ ಸಣ್ಣಗೆ, ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಓರೆಯಾಗಿ ಹೆಚ್ಚಿ. ಎರಡು ಟೀ ಚಮಚ ಎಣ್ಣೆ ಹಾಕಿ ಕೈಯಲ್ಲೇ ಕಲೆಸಿ. ಉಪ್ಪು ಈಗ ಬೇಡ. ಉಪ್ಪು ಬಿದ್ದರೆ ನೀರು ಬಿಡುತ್ತದೆ, ನೀರು ಬಿಟ್ಟರೆ ಲೋಳೆ. ಮೂರು ನಿಮಿಷ ಖಾಲಿ ಯಂತ್ರ ಕಾಯಿಸಿ, 180 ಡಿಗ್ರಿಗೆ ಆರು ನಿಮಿಷ ಇಟ್ಟು, ಬುಟ್ಟಿ ಎಳೆದು ಚೆನ್ನಾಗಿ ಕುಲುಕಿ, ಮತ್ತೆ ಐದಾರು ನಿಮಿಷ. ಅಂಚು ಕಂದು ತಿರುಗಿ, ಬೀಜ ಬುಟ್ಟಿಗೆ ಟಪಟಪ ಉದುರುವ ಸದ್ದು ಬಂದರೆ ಹದವಾಯಿತು. ಆಮೇಲೆ ಉಪ್ಪು, ಮೆಣಸಿನಪುಡಿ, ಬೇಕಾದರೆ ಒಂದು ಚಮಚ ಹುರಿಗಡಲೆ ಪುಡಿ. ಗೊಜ್ಜಿಗೋ ಮೊಸರು ಬಜ್ಜಿಗೋ ಆದರೆ ಎರಡು ನಿಮಿಷ ಮೊದಲೇ ತೆಗೆಯಿರಿ. ಅರ್ಧ ಕೆಜಿಯನ್ನು ಒಟ್ಟಿಗೇ ತುಂಬಿದರೆ ಮೇಲಿನದು ಒಣಗುತ್ತದೆ, ಕೆಳಗಿನದು ಬೇಯುತ್ತದೆ. ಎರಡು ಒಬ್ಬೆ ಹಾಕುವುದೇ ಸರಿ.

ಬದನೆಕಾಯಿ ಸುಡುವುದಕ್ಕೂ ಇದು ಒಳ್ಳೆಯದು. ಮುನ್ನೂರು ಗ್ರಾಮಿನ ದಪ್ಪ ಬದನೆಗೆ ಎಣ್ಣೆ ಸವರಿ, ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ (ಚುಚ್ಚದಿದ್ದರೆ ಒಳಗೇ ಸಿಡಿಯಬಹುದು), 200 ಡಿಗ್ರಿಗೆ 22ರಿಂದ 25 ನಿಮಿಷ. ತಿರುಳು ಬೆಣ್ಣೆಯಂತಾಗುತ್ತದೆ, ಸುಟ್ಟ ವಾಸನೆ ಮಾತ್ರ ಬರುವುದಿಲ್ಲ. ಕೊನೆಯಲ್ಲಿ ಇಕ್ಕಳದಲ್ಲಿ ಹಿಡಿದು ಒಂದು ನಿಮಿಷ ಗ್ಯಾಸ್ ಉರಿಗೆ ತಿರುಗಿಸಿದರೆ ಅದೂ ಬಂತು.

ಹಿಟ್ಟಿನ ತಿಂಡಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ: ಹಿಟ್ಟು ಹರಿಯಬಾರದು, ಮೆತ್ತಿಕೊಳ್ಳಬೇಕು. ಮಸಾಲೆ ಕಡಲೆಬೀಜ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಕಾಲು ಕೆಜಿ ಹಸಿ ಕಡಲೆಬೀಜಕ್ಕೆ ನಾಲ್ಕು ದೊಡ್ಡ ಚಮಚ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಖಾರದ ಪುಡಿ, ಉಪ್ಪು, ಇಂಗು. ನೀರನ್ನು ಸುರಿಯದೆ ಚಿಮುಕಿಸುತ್ತ ಹೋಗಿ; ಮೂರು ಚಮಚದೊಳಗೆ ಬೀಜಕ್ಕೆ ಹಿಟ್ಟು ಅಂಟುತ್ತದೆ. ಕೊನೆಗೆ ಎರಡು ಟೀ ಚಮಚ ಎಣ್ಣೆ. 170 ಡಿಗ್ರಿಗೆ 12ರಿಂದ 14 ನಿಮಿಷ, ನಾಲ್ಕು ನಿಮಿಷಕ್ಕೊಮ್ಮೆ ಉಂಡೆ ಬಿಡಿಸಬೇಕು. ಹೊರಗೆ ತೆಗೆದಾಗ ಇನ್ನೂ ಮೆತ್ತಗಿದೆ ಎಂದು ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಗರಿಯಾಗುತ್ತದೆ. ಮತ್ತೆ ಇಟ್ಟವರಿಗೆ ಕಹಿ ಬೀಜ ಗ್ಯಾರಂಟಿ.

ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆ ನಡುವಿನ ಜಾತಿ. ಹಿಟ್ಟಿಗೇ ಕಾದ ಎಣ್ಣೆ ಧಾರಾಳವಾಗಿ ಹಾಕಿ ಕಲೆಸಿ, ತೆಳ್ಳಗೆ ತಟ್ಟಿ, ಮೇಲೂ ಎಣ್ಣೆ ಸವರಿ 170ಕ್ಕೆ 18 ನಿಮಿಷ ಇಟ್ಟರೆ ಗರಿಗರಿ ಬರುತ್ತದೆ. ಆದರೆ ಅದು ಮದ್ದೂರು ವಡೆಯ ರುಚಿಯ ಬಿಸ್ಕತ್ತು ಎಂದು ಮೊದಲೇ ಹೇಳಿ ಬಡಿಸುವುದು ಕ್ಷೇಮ. ಹಬ್ಬದ ಚಕ್ಕುಲಿಯನ್ನು ಇದರಲ್ಲಿ ಮಾಡಬೇಡಿ, ಹಲ್ಲಿಗೆ ಕಷ್ಟ.

ಮೀನು ತಿನ್ನುವವರಿಗೆ ಲಾಭ ಹೆಚ್ಚು. ಬಂಗುಡೆಗೆ ಮಸಾಲೆ ಗಟ್ಟಿಯಾಗಿರಲಿ. ನೀರಾದರೆ ಜಾರಿ ಕೆಳಗಿಳಿಯುತ್ತದೆ. ಅರ್ಧ ಗಂಟೆ ಬಿಟ್ಟು ರವೆಯಲ್ಲಿ ಹೊರಳಿಸಿ, ರವೆಯ ಮೇಲೆ ಬ್ರಷ್‌ನಲ್ಲಿ ಎಣ್ಣೆ ಹಚ್ಚಲೇಬೇಕು. ಎಣ್ಣೆ ತಾಕದ ಕಡೆ ರವೆ ಹಸಿಯಾಗಿ ಬೆಳ್ಳಗೆ ಉಳಿಯುತ್ತದೆ. 190ಕ್ಕೆ ಎಂಟು ನಿಮಿಷ, ಮಗುಚಿ ಇನ್ನೈದು. ಚರ್ಮ ಸಹಿತ ಕೋಳಿ ಇಟ್ಟಾಗ ಬಿಳಿ ಹೊಗೆ ಬಂದರೆ ಗಾಬರಿ ಬೇಡ, ತೊಟ್ಟಿಕ್ಕಿದ ಕೊಬ್ಬು ತಳದಲ್ಲಿ ಸುಡುತ್ತಿದೆ. ಬುಟ್ಟಿಯ ಕೆಳಗಿನ ಡಬ್ಬಿಗೆ ಮೊದಲೇ ಎರಡು ಚಮಚ ನೀರು ಹಾಕಿಟ್ಟರೆ ಆಯಿತು.

ನಿನ್ನೆಯ ಸಮೋಸ, ಪಫ್ಸ್ 160ಕ್ಕೆ ಐದು ನಿಮಿಷ. ಮೈಕ್ರೋವೇವ್ ಮೆತ್ತಗೆ ಮಾಡಿಡುವುದನ್ನು ಇದು ಮತ್ತೆ ಗರಿಗರಿ ಮಾಡುತ್ತದೆ.

ಕರೆಂಟಿನ ಭಯ ಬೇಡ. 1500 ವ್ಯಾಟಿನದು ಇಪ್ಪತ್ತು ನಿಮಿಷ ಎಡೆಬಿಡದೆ ಉರಿದರೂ ಅರ್ಧ ಯೂನಿಟ್. ಪ್ಲಗ್ಗಿನದೇ ತಕರಾರು: ಅಷ್ಟು ವ್ಯಾಟ್ ಆರೂವರೆ ಆಂಪಿಯರ್ ಎಳೆಯುತ್ತದೆ, ಹಾಗಾಗಿ ಗೀಸರ್‌ಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಸಲ್ಲದು. ಮನೆಯ ಸಾಮಾನ್ಯ ಯುಪಿಎಸ್ ಇದನ್ನು ಎಳೆಯುವುದಿಲ್ಲ. ಹಿಂದಿನಿಂದ ಬಿಸಿಗಾಳಿ ಉಗುಳುವುದರಿಂದ ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಡಿ.

ಕೊಳ್ಳುವಾಗ ಲೀಟರ್ ನೋಡಿ ಮೋಸ ಹೋಗಬೇಡಿ. ಲೀಟರ್‌ನಲ್ಲಿ ಬುಟ್ಟಿಯ ಆಳವೂ ಸೇರಿರುತ್ತದೆ. ನಮಗೆ ಬೇಕಾದ್ದು ತಳದ ಅಗಲ, ಏಕೆಂದರೆ ಪದಾರ್ಥ ಒಂದೇ ಪದರದಲ್ಲಿ ಕೂರಬೇಕು. ದುಂಡನೆಯದಕ್ಕಿಂತ ಚೌಕದ ಬುಟ್ಟಿ ಮೇಲು. ನಾಲ್ಕು ಲೀಟರಿನದು ಇಬ್ಬರಿಗೆ ಸರಿ, ನಾಲ್ವರಿಗೆ ಎರಡೆರಡು ಒಬ್ಬೆ. ಮನೆಯಲ್ಲಿ ಫ್ಯಾನಿರುವ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಈಗಾಗಲೇ ಇದ್ದರೆ ಈ ದುಡ್ಡು ಉಳಿಸಿ. ಅದು ಕಾಯಲು ಹತ್ತು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ, ಮಾಡುವ ಕೆಲಸ ಇದೇ. ಎಂಟು ಜನರ ಕೂಡು ಕುಟುಂಬಕ್ಕೂ ಇದು ಬೇಡ, ಕೊನೆಯ ಒಬ್ಬೆ ಆಗುವಷ್ಟರಲ್ಲಿ ಮೊದಲಿನದು ತಣ್ಣಗಾಗಿರುತ್ತದೆ.

ಬುಟ್ಟಿಯ ನಾನ್‌ಸ್ಟಿಕ್ ಲೇಪಕ್ಕೆ ಸ್ಟೀಲ್ ನಾರು ತಾಕಿಸಬೇಡಿ. ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇ ಕೂಡ ಬೇಡ. ಅದರಲ್ಲಿರುವ ಲೆಸಿಥಿನ್ ಬಿಸಿಗೆ ಗೋಂದಿನಂತೆ ಅಂಟಿ ಲೇಪ ಹಾಳುಮಾಡುತ್ತದೆ. ಬ್ರಷ್ ಸಾಕು. ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ ಬುಟ್ಟಿಯದಲ್ಲ, ಮೇಲಿನ ಕಾಯಿಲ್‌ನದು. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಯಂತ್ರವನ್ನು ತಲೆಕೆಳಗು ಮಾಡಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಕಾಯಿಲ್ ಒರೆಸಿ. ಮೂಲೆಗಳಿಗೆ ಹಳೆಯ ಟೂತ್ ಬ್ರಷ್.