ಚಾಕೊಲೇಟಿನ ಲೇಬಲ್ಲಿನಿಂದ ‘ಆ್ಯಂಟಿಆಕ್ಸಿಡೆಂಟ್’ ತೆಗೆದುಹಾಕಿದೆ: ನನ್ನ ಅನುಭವ

ಹಸಿ ಕೊಕ್ಕೋ ಬೀಜದ ಮೇಲಿನ ಬಿಳಿ ತಿರುಳನ್ನು ಒರೆಸಿ, ಚಾಕುವಿನಿಂದ ನಡುವೆ ಸೀಳಿ ನೋಡಿ. ಒಳಗೆ ಕಡು ನೇರಳೆ. ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆ ಇರುತ್ತದಲ್ಲ, ಅದೇ ಬಣ್ಣ. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಮುಖ ಕಿವುಚಿ ಹೋಗುತ್ತದೆ. ಕಹಿ, ಅದಕ್ಕಿಂತ ಜಾಸ್ತಿ ಒಗರು. ಚಾಕೊಲೇಟಿನ ಪರಿಮಳ ಮೂಸಿದರೂ ಸಿಗುವುದಿಲ್ಲ. ದೇಹದ ಜೀವಕೋಶ ಕೆಡದಂತೆ ಕಾಯುತ್ತದೆ ಅಂತ ಎಲ್ಲರೂ ಹೇಳುವ ಆ ಆ್ಯಂಟಿಆಕ್ಸಿಡೆಂಟ್ ಅತಿ ಹೆಚ್ಚು ಇರುವುದು ಈ ನೇರಳೆ ಬೀಜದಲ್ಲಿ. ಇಲ್ಲಿಂದ ಮುಂದೆ ನಾನು ಮಾಡುವ ಒಂದೊಂದು ಕೆಲಸವೂ ಅದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಇದು ನನಗೆ ತಿಳಿಯುವ ಹೊತ್ತಿಗೆ ‘ಆ್ಯಂಟಿಆಕ್ಸಿಡೆಂಟ್ ಭರಿತ, ಹೃದಯಕ್ಕೆ ಒಳ್ಳೆಯದು’ ಎಂಬ ಲೇಬಲ್ ಹಚ್ಚಿ ಎರಡು ವರ್ಷ ಚಾಕೊಲೇಟ್ ಮಾರಿಯಾಗಿತ್ತು.

ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟ. ಅಡಿಕೆ ಮರಗಳ ನಡುವೆ ಕೊಕ್ಕೋ ಗಿಡಗಳು, ಎಲ್ಲ ಅಪ್ಪನ ಕಾಲದವು. 1970ರ ದಶಕದ ಕೊನೆಗೆ ಬೆಲೆ ಬಿದ್ದು, ಕೊಳ್ಳುವವರಿಲ್ಲದೆ ಎಷ್ಟೋ ಜನ ಗಿಡ ಕಡಿದು ಹಾಕಿದರಂತೆ. ಆಮೇಲೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಹಾಗಾಗಿ ನಮ್ಮ ಕಡೆ ಬಹಳ ಮಂದಿಗೆ ಕೊಕ್ಕೋ ಅಂದರೆ ಕಾಯಿ ಕೊಯ್ದು, ಒಡೆದು, ಹಸಿ ಬೀಜ ಕೊಟ್ಟು ಬರುವುದು. ನಾವೂ ಹಾಗೇ ಮಾಡುತ್ತಿದ್ದೆವು. ನಮ್ಮ ಬೀಜದ ಚಾಕೊಲೇಟ್ ಹೇಗಿರುತ್ತದೆ ಅಂತ ನೋಡುವ ಆಸೆಯಿಂದ ಒಂದು ಬೇಸಿಗೆಯಲ್ಲಿ ಹತ್ತು ಕಿಲೋ ಹಸಿ ಬೀಜ ಮನೆಯಲ್ಲೇ ಇಟ್ಟುಕೊಂಡೆ. ಅಲ್ಲಿಂದ ಶುರು.

ಈ ಕೆಲಸದಲ್ಲಿ ಮುಖ್ಯ ಹಂತ ಹುಳಿ ಬರಿಸುವುದು. ಬಿದಿರಿನ ಬುಟ್ಟಿಗೆ ಬಾಳೆ ಎಲೆ ಹಾಸಿ, ಬೀಜ ತುಂಬಿ, ಮೇಲೆಯೂ ಬಾಳೆ ಎಲೆ ಮುಚ್ಚಿ ಭಾರ ಇಡುತ್ತೇನೆ. ಮರುದಿನ ಗೋಣಿ ಹೊದಿಸುತ್ತೇನೆ. ಮೊದಲ ಎರಡು ದಿನ ಕಳ್ಳಿನ ವಾಸನೆ, ಯಾಕೆಂದರೆ ತಿರುಳಿನ ಸಕ್ಕರೆ ಮದ್ಯವಾಗುತ್ತದೆ. ಮೂರನೇ ದಿನ ಬೀಜ ತಿರುವಿ ಹಾಕುವಾಗ ಮೂಗಿಗೆ ಹೊಡೆಯುವುದು ವಿನೆಗರಿನ ಘಾಟು. ಅಷ್ಟರಲ್ಲಿ ಬುಟ್ಟಿಯೊಳಗೆ ಕೈ ಇಟ್ಟರೆ ಬಿಸಿ ತಟ್ಟುತ್ತದೆ, 45 ಡಿಗ್ರಿ ದಾಟಿರುತ್ತದೆ. ಈ ಬಿಸಿಗೂ ಹುಳಿಗೂ ಬೀಜದ ಮೊಳಕೆ ಸಾಯುತ್ತದೆ, ಒಳಗಿನ ಗೋಡೆಗಳು ಒಡೆಯುತ್ತವೆ, ನೇರಳೆ ರಸ ಎಲ್ಲ ಕಡೆ ಹರಡುತ್ತದೆ. ಐದನೇ ದಿನ ಮತ್ತೆ ತಿರುವಿ, ಆರು ಅಥವಾ ಏಳನೇ ದಿನ ಹೊರಗೆ ತೆಗೆಯುತ್ತೇನೆ. ಆಗ ಒಂದು ಬೀಜ ಸೀಳಿದರೆ ನೇರಳೆ ಹೋಗಿ ಕಂದು ಬರಲು ಶುರುವಾಗಿರುತ್ತದೆ. ಒಣಗುತ್ತಾ ಒಣಗುತ್ತಾ ಪೂರ್ತಿ ಕಂದು. ಬಿರುಕು ಬಿರುಕಾಗಿ, ಮಡಚಿಟ್ಟ ಬಟ್ಟೆಯ ಹಾಗೆ ಕಾಣುತ್ತದೆ. ಇದನ್ನು ಹುರಿದರೆ ಮಾತ್ರ ಚಾಕೊಲೇಟಿನ ಪರಿಮಳ ಬರುತ್ತದೆ. ಹುಳಿ ಬರಿಸದ ಬೀಜವನ್ನು ಎಷ್ಟು ಹುರಿದರೂ ಬರುವುದಿಲ್ಲ.

ಹುರಿದು, ಗೆರಸೆಯಲ್ಲಿ ಕೇರಿ ಸಿಪ್ಪೆ ಹಾರಿಸಿ, ಕಲ್ಲಿನ ಗ್ರೈಂಡರಿನಲ್ಲಿ ಎರಡು ದಿನ ಅರೆಯುತ್ತೇನೆ. 700 ಗ್ರಾಂ ಕೊಕ್ಕೋಗೆ 300 ಗ್ರಾಂ ಸಕ್ಕರೆ, ಬೇರೇನೂ ಇಲ್ಲ. ಬೆಲ್ಲ ಹಾಕಿ ನೋಡಿದ್ದೆ. ಅದರ ಪಸೆಗೆ ಹಿಟ್ಟು ಗಟ್ಟಿಯಾಗಿ ಗ್ರೈಂಡರೇ ನಿಂತುಹೋಯಿತು.

ಲೇಬಲ್ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ಹಲಸು ಮೇಳದಲ್ಲಿ ಮಳಿಗೆ ಹಾಕಿದಾಗ ಜನ ಕೇಳಿದ ಮೊದಲ ಪ್ರಶ್ನೆ ‘ಅಕ್ಕ, ಇದು ಆರೋಗ್ಯಕ್ಕೆ ಒಳ್ಳೆಯದಲ್ವಾ?’ ಡಾರ್ಕ್ ಚಾಕೊಲೇಟ್ ಅಂದರೆ ಆ್ಯಂಟಿಆಕ್ಸಿಡೆಂಟ್ ಅಂತ ಎಲ್ಲರೂ ಓದಿಕೊಂಡೇ ಬಂದಿದ್ದರು. ನಾನೂ ಓದಿದ್ದೆ. ಯಾವ ಹಣ್ಣಿನಲ್ಲಿ ಎಷ್ಟು, ಕೊಕ್ಕೋದಲ್ಲಿ ಎಷ್ಟು ಎಂದು ಅಂಕಿ ಹಾಕಿದ ಪಟ್ಟಿ ನೋಡಿದ್ದೆ. ಮುಂದಿನ ಮೇಳಕ್ಕೆ ಲೇಬಲ್ಲಿನಲ್ಲಿ ಆ ಸಾಲು ಸೇರಿಸಿದೆ. ಮಾರಾಟ ಚೆನ್ನಾಗಿಯೇ ಆಯಿತು. ಸುಳ್ಳು ಹೇಳುತ್ತಿದ್ದೇನೆ ಅಂತ ಒಮ್ಮೆಯೂ ಅನಿಸಿರಲಿಲ್ಲ.

ಕಳೆದ ಮಳೆಗಾಲ ಒಂದು ಸಂಜೆ ಸೋದರಮಾವ ಮನೆಗೆ ಬಂದರು. ತಲೆ ಭಾರ ಅಂದರು. ಮನೆಯಲ್ಲಿದ್ದ ಮಿಷನ್ನಿನಲ್ಲಿ ಬಿಪಿ ನೋಡಿದರೆ ಮೇಲಿನ ಅಂಕ 178. ಕೈ ಸರಿ ಇಟ್ಟಿಲ್ಲವೋ ಏನೋ ಅಂತ ಇನ್ನೊಮ್ಮೆ ನೋಡಿದೆ. ಅಷ್ಟೇ ತೋರಿಸಿತು.

‘ಮಾತ್ರೆ ತಗೊಂಡಿಲ್ವಾ ಮಾವ?’

‘ಇಲ್ಲ ಮಾರಾಯ್ತಿ. ನಿನ್ನ ಚಾಕೊಲೇಟ್ ತಿನ್ನುತ್ತಾ ಇದ್ದೇನಲ್ಲ. ಮಾತ್ರೆ ಬಿಟ್ಟು ಇಪ್ಪತ್ತು ದಿನ ಆಯ್ತು.’

ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದರು. ನನ್ನ ಚಾಕೊಲೇಟಿನ ಲೇಬಲ್. ಕನ್ನಡಕ ಏರಿಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು, ‘ನೀನೇ ಬರೆದದ್ದಲ್ವಾ ಇದು?’

ಆ ರಾತ್ರಿಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಮತ್ತೆ ಶುರು ಮಾಡಿಸಿದರು. ಕೆಲವು ದಿನಗಳಲ್ಲಿ ಬಿಪಿ ಹತೋಟಿಗೆ ಬಂತು. ಆದರೆ ಮನೆಗೆ ಬಂದ ಮೇಲೂ ಆ ಬೆರಳು ಕಣ್ಣೆದುರಿಂದ ಹೋಗಲಿಲ್ಲ. ಪ್ಯಾಕ್ ಮಾಡಿಟ್ಟಿದ್ದ 140 ಚಾಕೊಲೇಟ್ ಬಾರುಗಳ ಲೇಬಲ್ ಒಂದೊಂದಾಗಿ ಕಿತ್ತೆ.

ತಂಗಿಯ ಮಗಳು ಫಾರ್ಮಸಿ ಓದಿದವಳು. ಅವಳನ್ನು ಕೂರಿಸಿಕೊಂಡು, ಇದರ ಬಗ್ಗೆ ನಿಜಕ್ಕೂ ಏನು ನಡೆದಿದೆ ಅಂತ ಓದಿಸಿದೆ. ಮೊದಲು ಆ ಪಟ್ಟಿ. ಆಹಾರದಲ್ಲಿ ಆ್ಯಂಟಿಆಕ್ಸಿಡೆಂಟ್ ಎಷ್ಟು ಅಂತ ಅಂಕಿ ಕೊಡುವ ಅಂಥ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆಯೇ ಇಟ್ಟುಕೊಂಡಿತ್ತಂತೆ. 2012ರಲ್ಲಿ ಅದನ್ನು ತೆಗೆದುಹಾಕಿತು. ಕಾರಣ, ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಸಿಗುವ ಆ ಅಂಕಿಗೂ ನಮ್ಮ ದೇಹದಲ್ಲಿ ಆಗುವುದಕ್ಕೂ ಸಂಬಂಧ ಇಲ್ಲ. ಕೊಕ್ಕೋದಲ್ಲಿರುವ ಮುಖ್ಯ ವಸ್ತುವಿನ ಹೆಸರು ಫ್ಲೇವನಾಲ್. ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ. ಅದನ್ನೂ ದೇಹ ಬೇಗ ಬೇರೆ ರೂಪಕ್ಕೆ ತಿರುಗಿಸುತ್ತದೆ. ಆದರೂ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿ ಆಗುವಂತೆ ಮಾಡಿ, ನಾಳ ಸ್ವಲ್ಪ ಸಡಿಲವಾಗಲು ಅದು ನೆರವಾಗುತ್ತದೆ. ಅಂದರೆ ಗುಣ ಪೂರ್ತಿ ಸುಳ್ಳಲ್ಲ. ಆದರೆ ನಾನು ಬರೆದ ಹೆಸರು ಅದಕ್ಕೆ ಹೊಂದುವುದಿಲ್ಲ.

ಎಷ್ಟು ಗುಣ? ಇದೇ ನನಗೆ ಬೇಕಿದ್ದ ಪ್ರಶ್ನೆ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಎಂಬ ತಂಡ 2017ರಲ್ಲಿ 35 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿತ್ತು. ಬಿಪಿ ಇಳಿದದ್ದು ಸರಾಸರಿ 2 ಅಂಕಕ್ಕಿಂತ ಕಡಿಮೆ. ಮೊದಲೇ ಬಿಪಿ ಜಾಸ್ತಿ ಇದ್ದವರಲ್ಲಿ ಮೇಲಿನ ಅಂಕ ಸುಮಾರು 4 ಇಳಿದಿತ್ತು. ಮಾವನ 178 ನೆನಪಾಯಿತು. ಅದರಿಂದ 4 ಕಳೆದರೆ ಏನು ಬಂತು?

ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದ್ದು, ಕಾಸ್ಮೋಸ್ ಅಂತ. 2022ರಲ್ಲಿ ಫಲಿತಾಂಶ ಬಂತು. ವಯಸ್ಸಾದ 21,442 ಜನ. ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೊಕ್ಕೋ ಫ್ಲೇವನಾಲ್, ಉಳಿದವರಿಗೆ ಏನೂ ಇಲ್ಲದ ಗುಳಿಗೆ, ಸುಮಾರು ಮೂರೂವರೆ ವರ್ಷ. ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. ಹೃದಯದ ಕಾಯಿಲೆಯಿಂದ ಸತ್ತವರು ಮಾತ್ರ ಫ್ಲೇವನಾಲ್ ತಿಂದವರಲ್ಲಿ 27% ಕಡಿಮೆ. ಇದನ್ನು ಕೇಳಿ ನಾನು ಸ್ವಲ್ಪ ಹುರುಪಾದೆ. ಆಗ ಅವಳು ಅಂದಳು, ‘ದೊಡ್ಡಮ್ಮ, ಅವರು ಕೊಟ್ಟದ್ದು ಕ್ಯಾಪ್ಸೂಲ್. ಒಂದು ತುಂಡು ಚಾಕೊಲೇಟನ್ನೂ ಕೊಟ್ಟಿಲ್ಲ.’

ಪನಾಮಾ ದೇಶದ ದ್ವೀಪಗಳಲ್ಲಿ ಇರುವ ಕೂನಾ ಜನರ ಕಥೆಯೂ ಹೀಗೇ. ಹಾರ್ವರ್ಡಿನ ನಾರ್ಮನ್ ಹಾಲೆನ್‌ಬರ್ಗ್ ಎಂಬ ವೈದ್ಯರು ನೋಡಿದ ಹಾಗೆ, ವಯಸ್ಸಾದರೂ ಅವರ ಬಿಪಿ ಏರುತ್ತಿರಲಿಲ್ಲ. ಪೇಟೆಗೆ ಬಂದು ನೆಲೆಸಿದವರಲ್ಲಿ ಏರುತ್ತಿತ್ತು. ದ್ವೀಪದವರು ದಿನಾ ಹಲವು ಲೋಟ ಕೊಕ್ಕೋ ಕುಡಿಯುತ್ತಿದ್ದರು. ಆದರೆ ಅವರು ಮೀನು, ಬಾಳೆಕಾಯಿ, ತೆಂಗಿನಕಾಯಿ ತಿಂದು, ದೋಣಿ ಹುಟ್ಟು ಹಾಕಿ ಬದುಕುವವರು. ಅವರ ಆರೋಗ್ಯದ ಎಲ್ಲ ಲೆಕ್ಕವನ್ನೂ ಕೊಕ್ಕೋ ಒಂದರ ಖಾತೆಗೆ ಹಾಕುವುದು ಸರಿಯಲ್ಲ. ಅವರು ಕುಡಿದದ್ದು 70% ಚಾಕೊಲೇಟ್ ಬಾರೂ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ನನಗೊಂದು ಆಸೆ ಉಳಿದಿತ್ತು. ಹುಳಿ ಬರಿಸುವಾಗ ಫ್ಲೇವನಾಲ್ ಬಹುಪಾಲು ಹೋಗುತ್ತದೆ, ಹುರಿಯುವಾಗ ಇನ್ನಷ್ಟು ಹೋಗುತ್ತದೆ ಅಲ್ವಾ? ಹಾಗಾದರೆ ಅದನ್ನೇ ಕಡಿಮೆ ಮಾಡಿದರೆ? ಒಂದು ಬುಟ್ಟಿಯನ್ನು ಮೂರನೇ ದಿನಕ್ಕೇ ತೆಗೆದು ಒಣಗಿಸಿದೆ. ಸೀಳಿ ನೋಡಿದರೆ ಅರ್ಧ ಬೀಜ ಇನ್ನೂ ನೇರಳೆ. ಹದ ಉರಿಯಲ್ಲಿ ಸ್ವಲ್ಪವೇ ಹುರಿದು, ಅರೆದು, ಬಾರು ಮಾಡಿದೆ. ಬಣ್ಣದಲ್ಲಿ ಕೆಂಪು ಛಾಯೆ, ನೋಡಲು ಚೆಂದ. ಬಾಯಿಗೆ ಹಾಕಿದರೆ ನಾಲಿಗೆಯ ಎರಡೂ ಬದಿ ಹಿಡಿದು ಎಳೆದ ಹಾಗಾಯಿತು. ಅಡಿಕೆಯವರಿಗೆ ಒಗರು ಹೊಸತಲ್ಲ, ಅಡಿಕೆಯ ಒಗರೂ ಇದೇ ಕುಲದ ವಸ್ತುಗಳದ್ದು. ಆದರೂ ಅದನ್ನು ಎರಡನೇ ತುಂಡು ಯಾರೂ ಮುಟ್ಟಲಿಲ್ಲ. ಸರಿ ಮಾಡೋಣ ಅಂತ ಸಕ್ಕರೆ ಜಾಸ್ತಿ ಮಾಡುತ್ತಾ ಹೋದೆ. ಅರ್ಧಕ್ಕರ್ಧ ಹಾಕಿದ ಮೇಲೆ ತಿನ್ನುವ ಹಾಗಾಯಿತು. ಆರೋಗ್ಯದ ಚಾಕೊಲೇಟ್ ಮಾಡಲು ಹೊರಟು ಅರ್ಧ ಸಕ್ಕರೆ ತುಂಬಿದ್ದೆ. ಅಲ್ಲಿಗೆ ಆ ಪ್ರಯೋಗ ನಿಲ್ಲಿಸಿದೆ.

ನನ್ನ ಮಾಮೂಲಿ ಬಾರಿನ ಲೆಕ್ಕವನ್ನೂ ಆಗಲೇ ಮೊದಲ ಸಲ ಸರಿಯಾಗಿ ಹಾಕಿದ್ದು. 50 ಗ್ರಾಂ ಬಾರಿನಲ್ಲಿ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚಕ್ಕಿಂತ ಜಾಸ್ತಿ. ಕ್ಯಾಲೊರಿ ಸುಮಾರು 300. ಮಾವ ದಿನಾ ಅರ್ಧ ಬಾರು ತಿನ್ನುತ್ತಿದ್ದರು.

ಕೊಳ್ಳುವವರು ಗಮನಿಸಬೇಕಾದ ಒಂದು ಮಾತು ಇಲ್ಲಿದೆ. 70% ಅಂತ ಬರೆದಿದ್ದರೆ ಅದು ಕೊಕ್ಕೋ ಎಷ್ಟು ಅನ್ನುವುದನ್ನು ಮಾತ್ರ ಹೇಳುತ್ತದೆ. ಫ್ಲೇವನಾಲ್ ಎಷ್ಟು ಉಳಿದಿದೆ ಅನ್ನುವುದನ್ನು ಹೇಳುವುದಿಲ್ಲ. ಒಂದೇ ತೋಟದ ಬೀಜದಿಂದ, ಒಂದೇ ಅಳತೆಯಲ್ಲಿ ನಾನು ಮಾಡಿದ ಎರಡು ಬಾರಿನಲ್ಲಿ ಅದು ಬೇರೆ ಬೇರೆ ಇರಬಹುದು. ಕೊಕ್ಕೋ ಪೌಡರಿನಲ್ಲಿ ಇನ್ನೊಂದು ವಿಷಯ ಇದೆ. ಹುಳಿ ತೆಗೆದು ಬಣ್ಣ ಕಡು ಮಾಡಲು ಅದಕ್ಕೆ ಕ್ಷಾರ ಬೆರೆಸುತ್ತಾರೆ. ಡಬ್ಬದ ಹಿಂದೆ ‘ಅಸಿಡಿಟಿ ರೆಗ್ಯುಲೇಟರ್ 501’ ಅಥವಾ ‘500’ ಅಂತ ಇದ್ದರೆ ಬಹುತೇಕ ಅದೇ. ಜೋರಾಗಿ ಕ್ಷಾರ ಹಾಕಿದ ಪೌಡರಿನಲ್ಲಿ ಫ್ಲೇವನಾಲ್ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯಬಹುದು. ಕಪ್ಪಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಲೆಕೆಳಗು. ಇನ್ನು ಕೊಕ್ಕೋ ಬೆಣ್ಣೆಯ ಬದಲು ವನಸ್ಪತಿಯಂಥ ಕೊಬ್ಬು ಹಾಕಿದ ‘ಕಾಂಪೌಂಡ್’ ಕರಗಿಸಿ ಹೋಮ್ ಮೇಡ್ ಅಂತ ಮಾರುವುದೂ ಉಂಟು. ಅದರಲ್ಲಿ ಈ ಪ್ರಶ್ನೆಯನ್ನೇ ಕೇಳಬೇಕಿಲ್ಲ.

ಲೇಬಲ್ಲಿನ ಕಾನೂನನ್ನೂ ಆಗಲೇ ನೋಡಿದ್ದು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಆರೋಗ್ಯದ ಮಾತು ಬರೆದರೆ ಅದಕ್ಕೆ ವೈಜ್ಞಾನಿಕ ಆಧಾರ ಇರಬೇಕು. ನನ್ನ ಹತ್ತಿರ ಒಂದು ಲ್ಯಾಬ್ ರಿಪೋರ್ಟ್ ಕೂಡ ಇರಲಿಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಹೃದಯದ ಮಾತು ಬರೆಯಲು ಒಪ್ಪಿದ್ದು ಕನಿಷ್ಠ 4% ಫ್ಲೇವನಾಲ್ ಇರುವ ವಿಶೇಷ ಪೌಡರಿಗೆ ಮಾತ್ರ. ಅದೂ ಪುರಾವೆ ಬಹಳ ಕಡಿಮೆ ಅಂತ ಜೊತೆಗೇ ಬರೆಯಬೇಕು. ಚಾಕೊಲೇಟಿಗೆ ಅದು ಅನ್ವಯಿಸುವುದಿಲ್ಲ.

ಈ ಓದಿನಿಂದ ನನ್ನ ಕೆಲಸದಲ್ಲಿ ನಿಜವಾಗಿ ಬದಲಾದದ್ದು ಬೀಜ ಒಣಗಿಸುವ ಜಾಗ. 2022ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 28 ಡಾರ್ಕ್ ಚಾಕೊಲೇಟ್ ಪರೀಕ್ಷೆ ಮಾಡಿತ್ತು. ಅವುಗಳಲ್ಲಿ 23ರಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಎಂಬ ವಿಷಲೋಹ ಎಷ್ಟಿತ್ತು ಅಂದರೆ, ದಿನಾ ಒಂದು ಔನ್ಸ್, ಅಂದರೆ 28 ಗ್ರಾಂ ತಿಂದರೂ ಅವರು ಇಟ್ಟುಕೊಂಡ ಮಿತಿ ದಾಟುತ್ತಿತ್ತು. ಕ್ಯಾಡ್ಮಿಯಂ ಮಣ್ಣಿನಿಂದ ಗಿಡದ ಬೇರಿನ ಮೂಲಕ ಬೀಜಕ್ಕೆ ಬರುತ್ತದೆ. ಸೀಸ ಹಾಗಲ್ಲ. ಅದು ಹೆಚ್ಚಾಗಿ ಕೊಯ್ಲಿನ ಮೇಲೆ, ಅಂಟು ಬೀಜ ಬಯಲಲ್ಲಿ ಒಣಗುವಾಗ, ಧೂಳಿನ ಜೊತೆ ಮೆತ್ತಿಕೊಳ್ಳುತ್ತದೆ. ನಾನು ಒಣಗಿಸುತ್ತಿದ್ದದ್ದು ಅಡಿಕೆಯ ಅಂಗಳದಲ್ಲಿ. ಅದರ ಬದಿಯಲ್ಲೇ ರಸ್ತೆ, ಜೀಪು, ಪಿಕಪ್ ಓಡಾಡುತ್ತವೆ. ಇದನ್ನು ಓದಿದ ವಾರವೇ ಮನೆಯ ಹಿಂಬದಿಗೆ ಸೊಂಟದ ಎತ್ತರದ ಬಲೆಯ ಚಪ್ಪರ ಮಾಡಿಸಿ, ಮೇಲೆ ಸೋಲಾರ್ ಶೀಟ್ ಹಾಕಿಸಿದೆ. ಸಿಪ್ಪೆ ಒಂದು ಚೂರೂ ಉಳಿಯದ ಹಾಗೆ ಎರಡು ಸಲ ಕೇರುತ್ತೇನೆ. ಆರೋಗ್ಯದ ಹೆಸರಿನಲ್ಲಿ ನಾನು ಮೊದಲೇ ಮಾಡಬೇಕಿದ್ದ ಕೆಲಸ ಇದಾಗಿತ್ತು.

ಈಗ ಲೇಬಲ್ಲಿನಲ್ಲಿ ಇರುವುದು ಇಷ್ಟು: ಕೊಕ್ಕೋ 70%, ಸಕ್ಕರೆ 30%. ಬೀಜ ನಮ್ಮ ತೋಟದ್ದು. ಹುಳಿ ಬರಿಸಿದ್ದು ಆರು ದಿನ. ಮೊದಲ ಎರಡು ಮೇಳದಲ್ಲಿ ಮಾರಾಟ ಇಳಿಯಿತು, ಆಮೇಲೆ ನಿಧಾನಕ್ಕೆ ಸುಧಾರಿಸಿತು. ಮಳಿಗೆಯಲ್ಲಿ ಎರಡು ಡಬ್ಬ ಇಡುತ್ತೇನೆ. ಒಂದರಲ್ಲಿ ಹುಳಿ ಬರಿಸದೆ ಒಣಗಿಸಿದ ನೇರಳೆ ಬೀಜ, ಇನ್ನೊಂದರಲ್ಲಿ ಹುರಿದ ಕಂದು ಬೀಜ. ಆರೋಗ್ಯಕ್ಕೆ ಒಳ್ಳೆಯದಾ ಅಂತ ಕೇಳಿದವರಿಗೆ ಎರಡನ್ನೂ ಕೊಟ್ಟು ರುಚಿ ನೋಡಲು ಹೇಳುತ್ತೇನೆ. ನೀವು ಓದಿದ ಗುಣ ಜಾಸ್ತಿ ಇರುವುದು ಮೊದಲನೆಯದರಲ್ಲಿ, ನಾನು ಮಾರುವುದು ಎರಡನೆಯದನ್ನು ಅನ್ನುತ್ತೇನೆ. ಊಟ ಆದ ಮೇಲೆ ಒಂದು ಸಣ್ಣ ತುಂಡು ಖುಷಿಗೆ ತಿನ್ನಿ, ಮಾತ್ರೆಯ ವಿಷಯ ಡಾಕ್ಟರನ್ನು ಕೇಳಿ ಅಂತ ಸೇರಿಸುತ್ತೇನೆ.

ಮಾವ ಈಗಲೂ ತಿಂಗಳಿಗೆ ಎರಡು ಬಾರು ತೆಗೆದುಕೊಂಡು ಹೋಗುತ್ತಾರೆ. ಬಂದ ಕೂಡಲೇ ಅಂಗಿಯ ಜೇಬಿನಿಂದ ಮಾತ್ರೆಯ ಶೀಟ್ ತೆಗೆದು ತೋರಿಸುತ್ತಾರೆ, ನಾನು ಕೇಳದಿದ್ದರೂ.