ಚೆಕ್‌ರೋಲ್ ಬರೆಯಲು ಯಾವ ಎಡಿಟರ್?

ಆಲ್ದೂರಿನ ಹತ್ತಿರದ ಕಾಫಿ ತೋಟವೊಂದಕ್ಕೆ ಚೆಕ್‌ರೋಲ್ (ಕೂಲಿಯವರ ಕೆಲಸ, ಬಟವಾಡೆಯ ಲೆಕ್ಕದ ಪಟ್ಟಿ) ತಂತ್ರಾಂಶ ಬರೆದುಕೊಡಲು ಒಪ್ಪಿಕೊಂಡಾಗ ನನ್ನ ಬಳಿ ಇದ್ದದ್ದು 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಬ್ಯಾಟರಿ ಸತ್ತು ವರ್ಷವಾಗಿತ್ತು. ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು, ವಾರದ ಬಟವಾಡೆ ಎಷ್ಟು ಎಂಬ ಲೆಕ್ಕಕ್ಕೆ ಪೈಥಾನ್ ಭಾಷೆ ಧಾರಾಳವಾಗಿ ಸಾಕು. ತಲೆನೋವಾದದ್ದು ಎಡಿಟರ್, ಅಂದರೆ ಸಂಕೇತ (ಕೋಡ್) ಬರೆಯುವ ತಂತ್ರಾಂಶ.

ಮೊದಲು ವಿಎಸ್‌ಕೋಡಿಯಮ್ ಹಾಕಿಕೊಂಡೆ. ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ನ ಆಕರ ಸಂಕೇತ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದ್ದರೂ ಮೈಕ್ರೋಸಾಫ್ಟ್ ಸಿದ್ಧಪಡಿಸಿ ಕೊಡುವ ಪ್ರತಿಗೆ ಬೇರೆ ಪರವಾನಗಿ ಇದೆ, ಬಳಕೆಯ ಮಾಹಿತಿ ಕಳಿಸುವ ಏರ್ಪಾಡೂ ಇದೆ. ಅದೇ ಸಂಕೇತದಿಂದ ಆ ಏರ್ಪಾಡನ್ನು ಬಿಟ್ಟು ಕಟ್ಟಿದ್ದು ವಿಎಸ್‌ಕೋಡಿಯಮ್. ಹೆಚ್ಚುವರಿ ಸೌಲಭ್ಯ ಕೊಡುವ ವಿಸ್ತರಣೆಗಳು ಓಪನ್ ವಿಎಸ್‌ಎಕ್ಸ್ ಎಂಬ ಜಾಲಸಂಗ್ರಹದಿಂದ ಬರುತ್ತವೆ. ಕೆಲವು ಅಲ್ಲಿ ಸಿಗುವುದಿಲ್ಲ. ಒಳಗೆ ಇಡೀ ಕ್ರೋಮಿಯಮ್ ಬ್ರೌಸರ್ ಕೂತಿರುವುದರಿಂದ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಟ್ಟಿತು. ಆಷಾಢದ ಗಾಳಿಗೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಉಳಿಸದ ಬರಹವನ್ನು ಅದೂ ಕಾಪಾಡುತ್ತದೆ, ನಿಜ. ಆದರೆ ಮತ್ತೆ ತೆರೆದುಕೊಳ್ಳುವಷ್ಟರಲ್ಲಿ ಇನ್ನೊಮ್ಮೆ ಕರೆಂಟು ಹೋಗಿರುತ್ತಿತ್ತು.

ಹಾಗಾಗಿ 1991ರ ಮುದುಕ ಎಡಿಟರ್ ವಿಮ್‌ಗೆ ಮರಳಿದೆ. ಇನ್ನೂರು ಅಕ್ಷರ ಒತ್ತಿದಾಗ, ಇಲ್ಲವೇ ನಾಲ್ಕು ಸೆಕೆಂಡು ಕೈ ನಿಂತಾಗ ವಿಮ್ ಸ್ವಾಪ್ ಎಂಬ ತನ್ನ ತಾತ್ಕಾಲಿಕ ಕಡತಕ್ಕೆ ಬರೆದುಕೊಳ್ಳುತ್ತದೆ. ಒಂದು ಸಂಜೆ ಬಟವಾಡೆಯ ಲೆಕ್ಕದ ನಡುವೆಯೇ ಕತ್ತಲಾಯಿತು. ಕರೆಂಟು ಬಂದ ಮೇಲೆ ಸ್ವಾಪ್‌ನಿಂದ ಕಡತ ತೆರೆದರೆ ಕೊನೆಯ ಅರ್ಧ ಸಾಲು ಮಾತ್ರ ಇರಲಿಲ್ಲ.

ಪೆಟ್ಟು ಬಿದ್ದದ್ದು ಕನ್ನಡದಲ್ಲಿ. ವಿಮ್ ಓಡುವ ಟರ್ಮಿನಲ್ (ಬರಿಯ ಅಕ್ಷರಗಳ ಕಿಟಕಿ) ಒಂದೊಂದು ಅಕ್ಷರಕ್ಕೂ ಅಳತೆಯ ಚೌಕ ಕೊಡುತ್ತದೆ; ನಮ್ಮ ಒತ್ತಕ್ಷರ ಆ ಚೌಕಕ್ಕೆ ಬಗ್ಗುವುದಿಲ್ಲ. ಕೂಲಿಯವರ ಪಟ್ಟಿ ನೋಡಿದ ತೋಟದ ಲೆಕ್ಕ ಬರೆಯುವ ರೈಟರ್ ಕನ್ನಡಕ ಸರಿಮಾಡಿಕೊಂಡು, "ಇದೇನು ಸಾರ್, ಲಕ್ಷ್ಮಮ್ಮನನ್ನು ಹೀಗೆ ಬಿಡಿಬಿಡಿ ಮಾಡಿಟ್ಟಿದ್ದೀರಿ?" ಎಂದರು. ಕಡತದಲ್ಲಿ ಹೆಸರು ಸರಿಯಾಗಿಯೇ ಇತ್ತು, ಪರದೆಯಲ್ಲಷ್ಟೇ ಚೂರಾಗಿತ್ತು. ಅದನ್ನು ಅವರಿಗೆ ವಿವರಿಸಿ ಗೆಲ್ಲಲಾಗಲಿಲ್ಲ.

ಹೆಸರುಗಳನ್ನೆಲ್ಲ ಸಂಕೇತದಿಂದ ಹೊರತೆಗೆದು ಬೇರೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತಕ್ಕೆ ಹಾಕಿ, ಅದನ್ನು ಜೀನಿ ಎಂಬ ಇನ್ನೊಂದು ಎಡಿಟರ್‌ನಲ್ಲಿ ತೆರೆದೆ. ಜೀನಿ ಹಗುರ, ಒತ್ತಕ್ಷರವನ್ನೂ ಸರಿಯಾಗಿ ಕೂರಿಸುತ್ತದೆ. ಹೆಸರು ತಿದ್ದುವುದನ್ನು ರೈಟರ್ ಅರ್ಧ ಗಂಟೆಯಲ್ಲಿ ಕಲಿತರು. ವಿಮ್‌ನಿಂದ ಹೊರಬರುವುದು ಹೇಗೆಂದು ಅವರಿಗೆ ಕಲಿಸುವ ಸಾಹಸಕ್ಕೆ ನಾನು ಕೈಹಾಕಲಿಲ್ಲ.

ಈಗ ಸಂಕೇತಕ್ಕೆ ವಿಮ್, ಹೆಸರಿಗೆ ಜೀನಿ. ಲೆಕ್ಕ ತಪ್ಪಿದಾಗ ಸಾಲುಸಾಲಾಗಿ ನಿಲ್ಲಿಸಿ ನೋಡಬೇಕೆಂದರೆ ಮಾತ್ರ, ರ್‍ಯಾಮ್ ಉಳಿಸಲು ಬ್ರೌಸರ್ ಮುಚ್ಚಿ, ವಿಎಸ್‌ಕೋಡಿಯಮ್ ತೆರೆಯುತ್ತೇನೆ.