ಹಳೆಯ ಕಾರಿನ ಟಿಕ್ ಟಿಕ್ ಸದ್ದು ನಿಂತದ್ದು ಹೀಗೆ

ಹದಿನೈದು ವರ್ಷದ ನನ್ನ ಪೆಟ್ರೋಲ್ ಕಾರು ಬೆಳಿಗ್ಗೆ ಚಾಲೂ ಮಾಡಿದೊಡನೆ ಟಿಕ್ ಟಿಕ್ ಎನ್ನುತ್ತಿತ್ತು. ಆಯಿಲ್ ಮುಚ್ಚಳದ ಒಳಗೆ ಕಪ್ಪು ಜಿಡ್ಡು. ಎಂಜಿನ್ನಿನ ವಾಲ್ವ್ ತೆರೆಯಲು ನೆರವಾಗುವ ಹೈಡ್ರಾಲಿಕ್ ಲಿಫ್ಟರ್‌ಗಳಿಗೆ ಆಯಿಲ್ ಸರಿಯಾಗಿ ತಲುಪುತ್ತಿಲ್ಲ ಎಂದರು ಮೆಕ್ಯಾನಿಕ್.

ಜಿಡ್ಡು ಕರಗಿಸುವ ದ್ರವವಾದ ಫ್ಲಶ್ ಹಾಕುವ ಮೊದಲು ಎಂಜಿನ್ನಿನ ತಳದ ಆಯಿಲ್ ಪ್ಯಾನ್ ಬಿಚ್ಚಿಸಿ, ಪಂಪು ಆಯಿಲ್ ಹೀರುವ ಜಾಲರಿ ನೋಡಿಸಿದೆ. ಈ ಹಂತವನ್ನು ದಯವಿಟ್ಟು ಬಿಡಬೇಡಿ: ಗಟ್ಟಿ ಜಿಡ್ಡು ಕಿತ್ತುಬಂದು ಜಾಲರಿ ಕಟ್ಟಿಕೊಂಡರೆ ಆಯಿಲ್ ಒತ್ತಡ ಕುಸಿದು ಎಂಜಿನ್ನೇ ಹಾಳಾಗುತ್ತದೆ. ನಮ್ಮದು ಸ್ವಚ್ಛವಾಗಿತ್ತು, ಸಮಾಧಾನವಾಯಿತು.

ಬಿಸಿಯಾದ ಎಂಜಿನ್ನಿನ ಹಳೆಯ ಆಯಿಲ್‌ಗೆ ಫ್ಲಶ್ ಸುರಿದು, ಡಬ್ಬಿಯ ಸೂಚನೆಯಂತೆ 10 ನಿಮಿಷ ನಿಂತಲ್ಲೇ ಓಡಿಸಿ, ಪೂರ್ತಿ ಬಸಿದೆವು. ಹೊಸ ಫಿಲ್ಟರ್, ಹೊಸ ಆಯಿಲ್. ಸದ್ದು ಅರ್ಧ ತಗ್ಗಿತು, ಅಷ್ಟೇ. 1,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರನ್ನು ಮತ್ತೆ ಬದಲಿಸಿದ ಮೇಲೆ ಪೂರ್ತಿ ನಿಂತಿತು. ಸೀಲುಗಳಲ್ಲಿ ಸೋರಿಕೆಯನ್ನು ಈಗಲೂ ವಾರಕ್ಕೊಮ್ಮೆ ನೋಡುತ್ತೇನೆ.